ಚಳಿಗಾಲದ ಕೆಮ್ಮು, ನೆಗಡಿ, ಜ್ವರ: ಮನೆಯಲ್ಲಿ ನೋಡಿಕೊಳ್ಳುವುದು ಎಲ್ಲಿಯವರೆಗೆ, ಡಾಕ್ಟರ್ ಹತ್ತಿರ ಹೋಗುವುದು ಯಾವಾಗ?

ಪ್ರಶ್ನೆ: ಇಬ್ಬರು ಮಕ್ಕಳ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಹುಷಾರಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಮಗಳಿಗೆ 4 ವರ್ಷ. ಶುರುವಾಗಿದ್ದು ಅವಳಿಂದಲೇ. ಮೂಗು ಸುರಿಯುತ್ತಿತ್ತು, ಸಣ್ಣಗೆ ಜ್ವರ ಬಂದು ಹೋಯಿತು. ಈಗ ಆಟ ಆಡಿಕೊಂಡಿದ್ದಾಳೆ, ಆದರೆ ಸಿಂಬಳ ಗಟ್ಟಿಯಾಗಿ ಹಸಿರು ಬಣ್ಣಕ್ಕೆ ತಿರುಗಿದೆ, ರಾತ್ರಿ ಮಲಗಿದರೆ ಸಾಕು ಕೆಮ್ಮು. ಮಗನಿಗೆ 7 ತಿಂಗಳು. ನಿನ್ನೆಯಿಂದ ಅವನಿಗೂ ಮೂಗು ಕಟ್ಟಿದೆ, ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಅಳುತ್ತಾನೆ, ಎದೆ ಮೇಲೆ ಕೈ ಇಟ್ಟರೆ ಗೊರಗೊರ ಅನ್ನುವುದು ಗೊತ್ತಾಗುತ್ತದೆ. ನಮ್ಮ ಯಜಮಾನರು ಬೆಳಗ್ಗೆ ಚೆನ್ನಾಗಿಯೇ ಕೆಲಸಕ್ಕೆ ಹೋದವರು ಸಂಜೆ ನಡುಗುತ್ತಾ ಬಂದು ಮಲಗಿಬಿಟ್ಟರು. 103 ಡಿಗ್ರಿ ಜ್ವರ, ಮೈಕೈ ಎಲ್ಲ ನೋವು, ಕಣ್ಣು ಬಿಡಲೂ ಆಗುವುದಿಲ್ಲ ಎನ್ನುತ್ತಾರೆ. ಅತ್ತೆಗೆ 70 ದಾಟಿದೆ, ಬಿಪಿ ಇದೆ. ಅವರಿಗೆ ಜ್ವರ ಇಲ್ಲ, ಸ್ವಲ್ಪ ಕೆಮ್ಮು ಅಷ್ಟೇ. ಆದರೆ ಏನೂ ತಿನ್ನುವುದು ಬೇಡ ಎನ್ನುತ್ತಾರೆ, ಸುಮ್ನೆ ಮಲಗಿಯೇ ಇರುತ್ತಾರೆ.

ಇದೆಲ್ಲ ಒಂದೇ ಕಾಯಿಲೆನಾ, ಬೇರೆ ಬೇರೆನಾ, ಮನೆಯಲ್ಲಿ ಗೊತ್ತು ಮಾಡಿಕೊಳ್ಳುವುದು ಹೇಗೆ? ಸಿಂಬಳ ಹಸಿರಾದರೆ ಆಂಟಿಬಯೋಟಿಕ್ ಬೇಕೇ ಬೇಕು ಅಂತ ಹೇಳುತ್ತಾರೆ, ಹೋದ ಸಲದ ಸಿರಪ್ ಅರ್ಧ ಬಾಟಲಿ ಉಳಿದಿದೆ, ಮಗಳಿಗೆ ಕೊಡಬಹುದಾ? ಹಬೆ ಹಿಡಿಸಲಾ? ಎಲ್ಲಕ್ಕಿಂತ ಮುಖ್ಯವಾಗಿ, ಯಾರನ್ನು ಯಾವಾಗ ಡಾಕ್ಟರಿಗೆ ತೋರಿಸಬೇಕು? ಎಲ್ಲರನ್ನೂ ಎಬ್ಬಿಸಿಕೊಂಡು ಹೋಗುವುದು ಕಷ್ಟ, ಬಿಟ್ಟು ಕೂರಲು ಭಯ.

ಉತ್ತರ: ಮಕ್ಕಳ ವಾರ್ಡಿನ ನರ್ಸ್

ಮೊದಲು ಮಗು. ಉಳಿದದ್ದೆಲ್ಲ ಆಮೇಲೆ.

ಇದನ್ನು ಓದಿದ ಕೂಡಲೇ ಒಂದು ಕೆಲಸ ಮಾಡಿ. ಮಗ ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಬಟ್ಟೆ ಮೇಲೆತ್ತಿ ಹೊಟ್ಟೆ, ಎದೆ ನೋಡಿ. ಒಂದು ಸಲ ಮೇಲೆದ್ದು ಇಳಿದರೆ ಒಂದು ಉಸಿರು. ಗಡಿಯಾರ ಇಟ್ಟುಕೊಂಡು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿ ಹೀಗಿದೆ: 2 ತಿಂಗಳ ಒಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2ರಿಂದ 11 ತಿಂಗಳವರೆಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಅಂದರೆ ನಿಮ್ಮ ಮಗನಿಗೆ 50, ಮಗಳಿಗೆ 40. ಅಷ್ಟು ಬಂದರೆ ಅವತ್ತೇ ತೋರಿಸಬೇಕು.

ಎಣಿಸುವಾಗಲೇ ಇನ್ನೂ ಕೆಲವು ನೋಡಿಕೊಳ್ಳಿ. ಉಸಿರು ಎಳೆದಾಗ ಪಕ್ಕೆಲುಬುಗಳ ಕೆಳಗೆ ಅಥವಾ ಗಂಟಲ ಗುಳಿಯಲ್ಲಿ ಚರ್ಮ ಒಳಗೆ ಸೆಳೆಯುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಪ್ರತಿ ಉಸಿರಿಗೂ ಮುಲುಗುವ ಸದ್ದು ಬರುತ್ತಿದೆಯಾ? ತುಟಿ, ನಾಲಿಗೆ ನೀಲಿ ಅಥವಾ ಬೂದು ಬಣ್ಣ ಆಗಿದೆಯಾ? ಮಧ್ಯೆ ಉಸಿರೇ ನಿಂತ ಹಾಗೆ ಆಗುತ್ತಿದೆಯಾ? ಎಬ್ಬಿಸಿದರೂ ಏಳದೆ ಮೈ ಬಿಟ್ಟು ಬಿದ್ದಿದ್ದಾನಾ? ಇದರಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ, ಮೊಬೈಲಿನಲ್ಲಿ ಹುಡುಕುತ್ತಾ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಗೊರಗೊರ ಸದ್ದು ಒಂದರಿಂದಲೇ ಹೆದರಬೇಕಿಲ್ಲ. ಎಷ್ಟೋ ಸಲ ಅದು ಮೂಗು, ಗಂಟಲಲ್ಲಿ ನಿಂತ ಸಿಂಬಳದ ಸದ್ದು, ಎದೆಯಲ್ಲಿ ಕೇಳಿದ ಹಾಗೆ ಆಗುತ್ತದೆ ಅಷ್ಟೇ. ಮೂಗು ಸ್ವಚ್ಛ ಮಾಡಿದ ಮೇಲೆ ಕಡಿಮೆಯಾದರೆ ಸಮಾಧಾನ ಪಡಬಹುದು. ಉಸಿರು ಬಿಡುವಾಗ ಸುಯ್ ಅಂತ ಸಿಳ್ಳೆ ತರಹ ಕೇಳಿದರೆ ಅದು ಬೇರೆ, ಅದು ಒಳಗಿನ ಸಣ್ಣ ನಾಳಗಳಿಂದ ಬರುವುದು. ಒಂದು ವರ್ಷದ ಒಳಗಿನ ಮಕ್ಕಳಲ್ಲಿ ಚಳಿಗಾಲದಲ್ಲಿ ಇದಕ್ಕೆ ಮುಖ್ಯ ಕಾರಣ ಆರ್‌ಎಸ್‌ವಿ ಎಂಬ ವೈರಸ್. ಹೆಚ್ಚು ಕಡಿಮೆ ಎಲ್ಲ ಮಕ್ಕಳಿಗೂ 2 ವರ್ಷ ತುಂಬುವುದರೊಳಗೆ ಇದು ಒಮ್ಮೆಯಾದರೂ ಬಂದು ಹೋಗಿರುತ್ತದೆ. ಆರೋಗ್ಯವಾಗಿರುವ ದೊಡ್ಡವರಿಗೆ ಹೆಚ್ಚಾಗಿ ಬರೀ ನೆಗಡಿ, ತೀರಾ ವಯಸ್ಸಾದವರಿಗೆ ಜೋರಾಗಬಹುದು. ಕೂಸುಗಳಿಗೆ ಸಣ್ಣ ಶ್ವಾಸನಾಳಗಳು ಊದಿಕೊಂಡು ಕಫ ತುಂಬುತ್ತದೆ, ಅದನ್ನೇ ಬ್ರಾಂಕಿಯೊಲೈಟಿಸ್ ಅನ್ನುತ್ತಾರೆ. ಇದರ ಸ್ವಭಾವ ತಿಳಿದಿರಲಿ: ಮೊದಲ ಎರಡು ದಿನ ಸಾಮಾನ್ಯ ನೆಗಡಿಯ ಹಾಗೆ ಇರುತ್ತದೆ, 3ನೇ ದಿನದಿಂದ 5ನೇ ದಿನದವರೆಗೆ ಜೋರಾಗುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ನಿಮ್ಮ ಮಗನಿಗೆ ನಿನ್ನೆ ಶುರು. ಹಾಗಾಗಿ ಇವತ್ತು ಚೆನ್ನಾಗಿದ್ದಾನೆ ಅಂತ ನಾಳೆ ನಾಡಿದ್ದು ಕಣ್ಣು ತಪ್ಪಿಸಬೇಡಿ.

ಹಾಲು ಬಿಟ್ಟು ಅಳುವುದು ಮೂಗು ಕಟ್ಟಿರುವುದಕ್ಕೆ. ಇಷ್ಟು ಚಿಕ್ಕವರಿಗೆ ಬಾಯಲ್ಲಿ ಉಸಿರಾಡುತ್ತಾ ಹಾಲು ಕುಡಿಯಲು ಬರುವುದಿಲ್ಲ ಅಲ್ವಾ. ಹಾಲು ಕೊಡುವ ಸ್ವಲ್ಪ ಮೊದಲು ಒಂದೊಂದು ಹೊಳ್ಳೆಗೂ ಎರಡು ಹನಿ ಸಲೈನ್ ಡ್ರಾಪ್ಸ್ (ಮೂಗಿಗೆ ಹಾಕುವ ಉಪ್ಪುನೀರಿನ ಹನಿ) ಹಾಕಿ, ಒಂದು ನಿಮಿಷ ಬಿಟ್ಟು ರಬ್ಬರ್ ಬಲ್ಬಿನಿಂದ ಮೆಲ್ಲಗೆ ಎಳೆಯಿರಿ. ದಿನಕ್ಕೆ ಹತ್ತು ಸಲ ಎಳೆದರೆ ಮೂಗಿನ ಒಳಗೆ ಊದಿಕೊಂಡು ಇನ್ನೂ ಕಟ್ಟುತ್ತದೆ, ಹಾಲಿಗೆ ಮುಂಚೆ, ಮಲಗಿಸುವ ಮುಂಚೆ ಸಾಕು. ಹಾಲು ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ. ಎಂದಿನ ಅರ್ಧದಷ್ಟೂ ಕುಡಿಯದಿದ್ದರೆ, ಡೈಪರ್ ಮೊದಲಿನಷ್ಟು ಒದ್ದೆಯಾಗದಿದ್ದರೆ ಅವತ್ತೇ ಡಾಕ್ಟರ್. 12 ಗಂಟೆ ಒದ್ದೆಯೇ ಆಗದಿದ್ದರೆ ತಡ ಮಾಡಲೇಬೇಡಿ. ಉಸಿರಿಗೆ ಸುಲಭ ಆಗಲಿ ಅಂತ ತಲೆ ಕೆಳಗೆ ದಿಂಬು ಇಡುವವರು ಇದ್ದಾರೆ, ಅದು ಬೇಡ. ಅಂಗಾತವಾಗಿ, ಸಮತಟ್ಟಾದ ಹಾಸಿಗೆಯಲ್ಲೇ ಮಲಗಿಸಿ.

ಇದನ್ನು ಓದುವ ಬೇರೆ ತಾಯಂದಿರಿಗೂ ಒಂದು ಮಾತು. 3 ತಿಂಗಳ ಒಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ, ಮಗು ನಗುತ್ತಿದ್ದರೂ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಮನೆಯಲ್ಲಿ ಔಷಧಿ ಕೊಟ್ಟು ಕಾಯುವ ವಯಸ್ಸಲ್ಲ ಅದು.

ಈಗ ಮಗಳು. ನೀವು ಬರೆದಿದ್ದು ನೋಡಿದರೆ ಅವಳದು ಸಾದಾ ನೆಗಡಿ, ಸರಿಯಾದ ದಾರಿಯಲ್ಲೇ ಇದೆ. ಸಿಂಬಳ ಮೊದಲು ನೀರಾಗಿ ಸುರಿಯುತ್ತದೆ, ಆಮೇಲೆ ಗಟ್ಟಿಯಾಗಿ ಹಳದಿ ಹಸಿರಾಗುತ್ತದೆ. ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳಲ್ಲೇ ಹಸಿರು ಬಣ್ಣದ ಒಂದು ಕಿಣ್ವ ಇರುತ್ತದೆ, ಆ ಬಣ್ಣ ಅಲ್ಲಿಂದ ಬರುವುದು. ಬಣ್ಣ ನೋಡಿ ಬ್ಯಾಕ್ಟೀರಿಯಾ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ನೆಗಡಿ ಹೆಚ್ಚಾಗಿ 7ರಿಂದ 10 ದಿನದಲ್ಲಿ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯಬಹುದು, ಅದು ಸಾಮಾನ್ಯ. ಈ ವಯಸ್ಸಿನ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದೂ ಸಾಮಾನ್ಯವೇ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ ಇವೆ, ಒಂದು ಬಂದು ಹೋದರೆ ಇನ್ನೊಂದಕ್ಕೆ ತಡೆ ಇರುವುದಿಲ್ಲ. ನಿಮ್ಮ ಆರೈಕೆಯಲ್ಲಿ ಕೊರತೆ ಇದೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅವಳ ವಿಷಯದಲ್ಲಿ ಕಾಯಬೇಕಾದ್ದು ಒಂದೇ: ಕಡಿಮೆಯಾಗಿ ಮತ್ತೆ ಏರುತ್ತದಾ ಅಂತ. ಹುಷಾರಾಗುತ್ತಾ ಇದ್ದವಳಿಗೆ ಮತ್ತೆ ಜ್ವರ ಬಂದರೆ, ಕಿವಿ ಹಿಡಿದುಕೊಂಡು ಅತ್ತರೆ, 10 ದಿನ ಕಳೆದರೂ ಮೂಗು ಒಂದಿಷ್ಟೂ ಇಳಿಯದಿದ್ದರೆ, ಆಗ ಕಿವಿ, ಸೈನಸ್, ಶ್ವಾಸಕೋಶ ಇವುಗಳಲ್ಲಿ ಎರಡನೇ ಸೋಂಕು ಸೇರಿರಬಹುದು. ಆಗ ತೋರಿಸಿ. ಅರ್ಧ ಬಾಟಲಿ ಆಂಟಿಬಯೋಟಿಕ್ ಕೊಡಬೇಡಿ.

ರಾತ್ರಿ ಕೆಮ್ಮಿಗೆ ಮಲಗುವ ಮುಂಚೆ ಅರ್ಧದಿಂದ ಒಂದು ಟೀ ಚಮಚ ಜೇನುತುಪ್ಪ ಕೊಡಬಹುದು, ಕೆಲಸ ಮಾಡುತ್ತದೆ. ಅವಳಿಗೆ ಮಾತ್ರ. ಒಂದು ವರ್ಷದ ಒಳಗಿನ ಮಗುವಿಗೆ ಜೇನು ನೆಕ್ಕಿಸಲೂ ಬಾರದು, ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ನಡುರಾತ್ರಿ ಇದ್ದಕ್ಕಿದ್ದ ಹಾಗೆ ನಾಯಿ ಬೊಗಳಿದಂತೆ ಕೆಮ್ಮು ಬಂದು, ಗಂಟಲು ಒಡೆದು, ಉಸಿರು ಎಳೆಯುವಾಗ ಕರ್ಕಶ ಸದ್ದು ಬಂದರೆ ಅದು ಕ್ರೂಪ್. 6 ತಿಂಗಳಿಂದ 3 ವರ್ಷದ ಮಕ್ಕಳಲ್ಲಿ ಜಾಸ್ತಿ, ಅದಕ್ಕಿಂತ ದೊಡ್ಡವರಿಗೂ ಬರಬಹುದು. ಧ್ವನಿಪೆಟ್ಟಿಗೆ ಹತ್ತಿರ ಊತ ಬರುವುದರಿಂದ ಹೀಗಾಗುತ್ತದೆ. ಮಗು ಅತ್ತಷ್ಟೂ ಉಸಿರು ಕಷ್ಟ, ಅದಕ್ಕೇ ನೀವು ಗಾಬರಿ ತೋರಿಸದೆ ಮಡಿಲಲ್ಲಿ ನೇರ ಕೂರಿಸಿಕೊಳ್ಳಿ. ಸುಮ್ಮನೆ ಕೂತಾಗಲೂ ಆ ಕರ್ಕಶ ಸದ್ದು ಇದ್ದರೆ ಆಸ್ಪತ್ರೆಗೆ ಹೋಗಿ. ಅಲ್ಲಿ ಕೊಡುವ ಒಂದು ಡೋಸ್ ಸ್ಟೀರಾಯ್ಡ್‌ನಿಂದ ಹೆಚ್ಚಿನ ಮಕ್ಕಳು ಕೆಲವೇ ಗಂಟೆಯಲ್ಲಿ ಸುಧಾರಿಸುತ್ತಾರೆ. ಸ್ಟೀರಾಯ್ಡ್ ಅನ್ನುವ ಹೆಸರು ಕೇಳಿ ಬೇಡ ಅನ್ನಬೇಡಿ.

ಉತ್ತರ: ಅಪ್ಪನನ್ನು ನೋಡಿಕೊಳ್ಳುವವನು

ನನ್ನ ತಂದೆಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಸದಾ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ, ಪ್ರತಿ ಚಳಿಗಾಲ ನಮಗೆ ಪರೀಕ್ಷೆ ಇದ್ದ ಹಾಗೆ. ನಿಮ್ಮ ಅತ್ತೆಯ ಬಗ್ಗೆ ಓದಿ ನನಗೆ ಆತಂಕ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ.

ವಯಸ್ಸಾದವರಿಗೆ ಜ್ವರ ಇಲ್ಲ ಅಂದರೆ ಸೋಂಕು ಇಲ್ಲ ಅಂತ ಅಲ್ಲ. ನ್ಯುಮೋನಿಯಾ ಇದ್ದರೂ ಎಷ್ಟೋ ಹಿರಿಯರಿಗೆ ಥರ್ಮಾಮೀಟರ್ ಏರುವುದೇ ಇಲ್ಲ. ಮೊದಲು ಕಾಣಿಸುವುದು ಊಟ ಬಿಡುವುದು, ಹಾಸಿಗೆ ಬಿಟ್ಟು ಏಳದಿರುವುದು, ಮಾತಿನಲ್ಲಿ ಗೊಂದಲ, ಹೊತ್ತು ಗೊತ್ತು ತಿಳಿಯದಿರುವುದು, ನಡೆಯುವಾಗ ಬೀಳುವುದು. ಮನೆಯವರು ವಯಸ್ಸಾಯಿತು, ಸುಸ್ತು ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಇವತ್ತು ಯಾವ ವಾರ, ಯಾರು ಬಂದಿದ್ದರು, ಹೀಗೆ ಮಾತಾಡಿಸಿ ನೋಡಿ. ಎಂದಿನ ಹಾಗೆ ಉತ್ತರ ಬರುತ್ತಿಲ್ಲ ಅಂದರೆ ಅವತ್ತೇ ಡಾಕ್ಟರ್ ಬೇಕು.

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಹಾಕಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ ಇದ್ದರೆ ತೆಗೆದು, ಕೈ ಆಡಿಸದೆ ಒಂದು ನಿಮಿಷ ಬಿಟ್ಟು ಓದಿ. 95 ಅಥವಾ ಮೇಲಿದ್ದರೆ ಸರಿ. 93, 94 ಬರುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. 92 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ತಕ್ಷಣ ಆಸ್ಪತ್ರೆ. ಸಿಒಪಿಡಿ ಇರುವವರಿಗೆ ಈ ಲೆಕ್ಕ ಬೇರೆ ಇರಬಹುದು, ಅವರವರ ಡಾಕ್ಟರ್ ಹೇಳಿದ ಅಂಕಿಯೇ ಗಡಿ. ಮೈಬಣ್ಣ ಕಪ್ಪಾಗಿದ್ದರೆ ಈ ಯಂತ್ರ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಅನ್ನುವುದೂ ಗೊತ್ತಿರಲಿ. ಹಾಗಾಗಿ ಅಂಕಿ ಚೆನ್ನಾಗಿದ್ದು ಮನುಷ್ಯ ಏದುಸಿರು ಬಿಡುತ್ತಿದ್ದರೆ ಮನುಷ್ಯನನ್ನು ನಂಬಿ, ಯಂತ್ರವನ್ನಲ್ಲ.

ಇನ್ನು ನಿಮ್ಮ ಯಜಮಾನರು. ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ಮಲಗಿಬಿಟ್ಟರು ಅಂದಿರಲ್ಲ, ಅದು ಫ್ಲೂ ಇರುವ ಲಕ್ಷಣ. ನೆಗಡಿ ಮೆಲ್ಲಗೆ ಏರುತ್ತದೆ, ಮೂಗಿನಿಂದ ಶುರುವಾಗುತ್ತದೆ. ಫ್ಲೂ ಒಂದೇ ಏಟಿಗೆ ಬರುತ್ತದೆ, ಜ್ವರ ಚಳಿ ಮೈಕೈ ನೋವು ಮೊದಲು, ಒಣಕೆಮ್ಮು ಜೊತೆಗೆ. ಕೋವಿಡ್ ಕೂಡ ಹೀಗೇ ಬರಬಹುದು, ಲಕ್ಷಣ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ, ಟೆಸ್ಟ್ ಮಾಡಿಸಿದರೆ ಮಾತ್ರ ಗೊತ್ತಾಗುವುದು. ಆರೋಗ್ಯವಂತರಿಗೆ ವಿಶ್ರಾಂತಿ, ನೀರು, ಜ್ವರದ ಮಾತ್ರೆ ಸಾಕಾಗುತ್ತದೆ. ಆದರೆ ನಿಮ್ಮ ಮನೆಯಲ್ಲಿ 70 ದಾಟಿದವರು ಇದ್ದಾರೆ, ಕೂಸು ಇದೆ, ಅದಕ್ಕೆ ಟೆಸ್ಟ್ ಮಾಡಿಸುವುದು ಒಳ್ಳೆಯದು. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಔಷಧಿ ಇದೆ, ಲಕ್ಷಣ ಶುರುವಾದ 48 ಗಂಟೆಯ ಒಳಗೆ ಕೊಟ್ಟರೆ ಹೆಚ್ಚು ಉಪಯೋಗ. ವಯಸ್ಸಾದವರು, ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ಅಸ್ತಮಾ, ಸಕ್ಕರೆ ಕಾಯಿಲೆ, ಹೃದ್ರೋಗ ಇರುವವರು ಇವರಿಗೆ ಡಾಕ್ಟರ್ ಬೇಗ ಕೊಡಲು ನೋಡುತ್ತಾರೆ. ಕಾಯುತ್ತಾ ಕೂತರೆ ಆ 48 ಗಂಟೆ ಹೋಗಿಬಿಡುತ್ತದೆ.

ಅವರನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಕಿಟಕಿ ಸ್ವಲ್ಪವಾದರೂ ತೆರೆದಿಡಿ. ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಫ್ಲೂ ಹರಡುತ್ತದೆ, ಆಮೇಲೆ 5ರಿಂದ 7 ದಿನ ಅವರಿಂದ ಬೇರೆಯವರಿಗೆ ಬರಬಹುದು.

ನಮ್ಮ ತಂದೆಯಂಥವರು ಮನೆಯಲ್ಲಿ ಇರುವವರಿಗೆ ಇನ್ನೊಂದು ವಿಷಯ. ಮೇಲೆ ನರ್ಸ್ ಅವರು ಹಸಿರು ಬಣ್ಣಕ್ಕೆ ಹೆದರಬೇಡಿ ಎಂದಿದ್ದಾರೆ, ಮಕ್ಕಳ ನೆಗಡಿಗೆ ಅದು ಸರಿ. ಸಿಒಪಿಡಿ ಇರುವವರಲ್ಲಿ ಮಾತ್ರ ಕಫದ ಬಣ್ಣ ಬದಲಾದರೆ, ಕಫ ಜಾಸ್ತಿಯಾದರೆ, ದಮ್ಮು ಏರಿದರೆ ಅದನ್ನು ಗಂಭೀರವಾಗಿ ನೋಡಬೇಕು, ಅವರಿಗೆ ಆಂಟಿಬಯೋಟಿಕ್ ಬೇಕಾಗಬಹುದು. ಅಸ್ತಮಾ ಇರುವವರು ಚೆನ್ನಾಗಿದ್ದೇನೆ ಅಂತ ದಿನದ ಇನ್ಹೇಲರ್ ನಿಲ್ಲಿಸಬಾರದು. ಉಬ್ಬಸ ಕೆರಳಿಸುವುದರಲ್ಲಿ ಸಾದಾ ನೆಗಡಿಯ ವೈರಸ್ಸೇ ಮುಂದು.

ಉತ್ತರ: ಫಾರ್ಮಸಿಸ್ಟ್

ಔಷಧಿಯ ಬಗ್ಗೆ ಮಾತ್ರ ಹೇಳುತ್ತೇನೆ, ಕೌಂಟರಿನಲ್ಲಿ ದಿನಾ ನೋಡುವ ತೊಂದರೆಗಳು ಇವು.

ಪ್ಯಾರಾಸಿಟಮಾಲ್ ಒಳ್ಳೆಯ ಔಷಧಿ, ಆದರೆ ಅಳತೆ ಮೀರಿದರೆ ಯಕೃತ್ತಿಗೆ ಹೊಡೆತ. ಮಕ್ಕಳಿಗೆ ವಯಸ್ಸಿಗಿಂತ ತೂಕ ನೋಡಿ ಕೊಡುವುದು ಸರಿ: ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಒಂದು ಡೋಸಿಗೂ ಇನ್ನೊಂದಕ್ಕೂ 4ರಿಂದ 6 ಗಂಟೆ ಅಂತರ, ದಿನಕ್ಕೆ 4 ಸಲಕ್ಕಿಂತ ಹೆಚ್ಚಿಲ್ಲ. ಈಗ ಮುಖ್ಯ ಮಾತು. ಸಿರಪ್‌ಗಳು ಒಂದೇ ಗಟ್ಟಿತನದಲ್ಲಿ ಬರುವುದಿಲ್ಲ. 5 ಎಂಎಲ್‌ನಲ್ಲಿ 120 ಅಥವಾ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ, ಕೂಸುಗಳ ಡ್ರಾಪ್ಸ್ ಅದಕ್ಕಿಂತ ಗಟ್ಟಿ. ಹೋದ ಸಲ 5 ಎಂಎಲ್ ಕೊಟ್ಟಿದ್ದೆ ಅಂತ ಬೇರೆ ಬಾಟಲಿಯಲ್ಲಿ ಅಷ್ಟೇ ಕೊಟ್ಟರೆ ಡೋಸ್ ಎರಡರಷ್ಟಾಗಬಹುದು. ಪ್ರತಿ ಸಲ ಲೇಬಲ್ ಓದಿ, ಅಡುಗೆಮನೆ ಚಮಚ ಬಿಟ್ಟು ಬಾಟಲಿ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸಿರಿಂಜ್ ಬಳಸಿ. ಕೊಟ್ಟ ಹೊತ್ತನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಇಲ್ಲದಿದ್ದರೆ ಅಮ್ಮ ಕೊಟ್ಟಿದ್ದನ್ನೇ ಅಜ್ಜಿಯೂ ಕೊಟ್ಟಿರುತ್ತಾರೆ.

ದೊಡ್ಡವರು ಗಮನಿಸಬೇಕಾದ್ದು: ನೆಗಡಿ ಮಾತ್ರೆ, ಫ್ಲೂ ಪುಡಿ, ಮೈಕೈ ನೋವಿನ ಮಾತ್ರೆ, ತುಂಬಾ ಕಡೆ ಒಳಗೆ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಎಲ್ಲ ಸೇರಿ 24 ಗಂಟೆಗೆ 4 ಗ್ರಾಂ ದಾಟಬಾರದು, ವಯಸ್ಸಾದವರು, ತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಐಬುಪ್ರೊಫೆನ್ ಅನ್ನು ಮಗು ಸರಿಯಾಗಿ ನೀರು ಹಾಲು ಕುಡಿಯದೆ ಒಣಗಿದ್ದಾಗ ಕೊಡಬೇಡಿ, ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. 16 ವರ್ಷದೊಳಗಿನವರಿಗೆ ಜ್ವರಕ್ಕೆ ಆಸ್ಪಿರಿನ್ ಬೇಡವೇ ಬೇಡ, ರೇಯ್ ಸಿಂಡ್ರೋಮ್ ಎಂಬ ಅಪರೂಪದ ಆದರೆ ಜೀವಕ್ಕೆ ಕುತ್ತು ತರುವ ತೊಂದರೆ ಆಗಬಹುದು.

ನಿಮ್ಮ ಅತ್ತೆಗೆ ಮೂಗು ಕಟ್ಟಿದೆ ಅಂತ ನೆಗಡಿ ಮಾತ್ರೆ ಕೇಳದೆ ಕೊಡಬೇಡಿ. ಅದರಲ್ಲಿ ಹೆಚ್ಚಾಗಿ ಮೂಗು ಬಿಡಿಸಲೆಂದು ಹಾಕುವ ಸೂಡೋಎಫೆಡ್ರಿನ್ ಅಥವಾ ಫಿನೈಲ್‌ಎಫ್ರಿನ್ ಇರುತ್ತದೆ, ಬಿಪಿ ಏರಬಹುದು. ಅದೂ ಅಲ್ಲದೆ ಬಾಯಿಂದ ನುಂಗುವ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದರಲ್ಲಿ ಕೆಲಸವನ್ನೇ ಮಾಡುವುದಿಲ್ಲ ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನೇಮಿಸಿದ ತಜ್ಞರ ಸಮಿತಿ ಹೇಳಿತು. ಸಲೈನ್ ಸಾಕು. ಮೂಗಿಗೆ ಹೊಡೆಯುವ ಆಕ್ಸಿಮೆಟಾಝೋಲಿನ್ ತರಹದ ಸ್ಪ್ರೇ ಬೇಗ ಮೂಗು ಬಿಡಿಸುತ್ತದೆ ನಿಜ, ಆದರೆ ಮೂರು ದಿನ, ಹೆಚ್ಚೆಂದರೆ ಐದು ದಿನ. ಆಮೇಲೂ ಹೊಡೆಯುತ್ತಾ ಹೋದರೆ ಔಷಧಿ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಜನ ತಿಂಗಳುಗಟ್ಟಲೆ ಅದರಿಂದ ಹೊರಬರಲು ಆಗದೆ ಒದ್ದಾಡುತ್ತಾರೆ.

ಕೆಮ್ಮಿನ ಸಿರಪ್ ಪುಟ್ಟ ಮಕ್ಕಳಿಗೆ ಬೇಡ. ಉಪಯೋಗ ಇದೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇಲ್ಲ, ಮಂಪರು, ಎದೆಬಡಿತ ಏರುವುದು ಇಂಥ ಅಪಾಯ ಇದೆ. ಕೊಡೀನ್ ಇರುವುದನ್ನಂತೂ 12 ವರ್ಷದೊಳಗೆ ಮುಟ್ಟಬೇಡಿ, ಉಸಿರನ್ನೇ ಕುಗ್ಗಿಸುತ್ತದೆ. ಕರ್ಪೂರ ಸೇರಿದ ಮುಲಾಮು 2 ವರ್ಷದೊಳಗಿನ ಮಕ್ಕಳಿಗೆ ಹಚ್ಚಬೇಡಿ, ಯಾವ ವಯಸ್ಸಿನಲ್ಲೂ ಮೂಗಿನ ಒಳಗೆ ಸವರಬೇಡಿ.

ಆ ಅರ್ಧ ಬಾಟಲಿ. ಪುಡಿಗೆ ನೀರು ಬೆರೆಸಿ ಮಾಡುವ ಆಂಟಿಬಯೋಟಿಕ್ ಸಿರಪ್ ಬೆರೆಸಿದ ಮೇಲೆ ಒಂದೆರಡು ವಾರ ಮಾತ್ರ ಸರಿಯಾಗಿರುತ್ತದೆ. ಹೋದ ಸಲದ್ದು ಈಗ ಔಷಧಿಯಾಗಿ ಉಳಿದಿರುವುದಿಲ್ಲ. ಉಳಿದಿದ್ದರೂ ವೈರಸ್ಸಿಗೆ ಅದು ನಾಟುವುದಿಲ್ಲ, ಮಗುವಿಗೆ ಭೇದಿ ಆಗುತ್ತದೆ, ಮುಂದೆ ನಿಜಕ್ಕೂ ಬೇಕಾದಾಗ ಔಷಧಿ ಕೆಲಸ ಮಾಡದಿರಬಹುದು. ಬೇಕಾಗುವ ಸಂದರ್ಭಗಳೂ ಇವೆ. ಉದಾಹರಣೆಗೆ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ಸೋಂಕು: ಜ್ವರ, ನುಂಗಲು ಆಗದಷ್ಟು ನೋವು, ಟಾನ್ಸಿಲ್ ಮೇಲೆ ಬಿಳಿ ಕಲೆ, ಕುತ್ತಿಗೆಯಲ್ಲಿ ಗಂಟು, ಆದರೆ ಕೆಮ್ಮು ನೆಗಡಿ ಇರುವುದಿಲ್ಲ. ಗಂಟಲ ಪರೀಕ್ಷೆ ಮಾಡಿ ಕೊಡುತ್ತಾರೆ, ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ.

ಉತ್ತರ: ಹಬೆಯ ಪರವಾಗಿ

ಎಲ್ಲ ಸರಿ, ಆದರೆ ಹಬೆ ಬಗ್ಗೆ ಯಾರೂ ಹೇಳಲಿಲ್ಲ. ನಾವು ಚಿಕ್ಕವರಿದ್ದಾಗಿನಿಂದ ಹಿಡಿಯುತ್ತಿದ್ದೇವೆ, ಮೂಗು ಬಿಡುತ್ತದೆ, ತಲೆ ಹಗುರ ಆಗುತ್ತದೆ. ಅದನ್ನೂ ಬೇಡ ಅನ್ನುತ್ತೀರಾ?

ಉತ್ತರ: ಮಕ್ಕಳ ವಾರ್ಡಿನ ನರ್ಸ್

ದೊಡ್ಡವರು ಹುಷಾರಾಗಿ ಹಿಡಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ನಾನು ಬೇಡ ಅನ್ನುವುದಿಲ್ಲ. ಕಾಯಿಲೆಯ ದಿನ ಕಡಿಮೆ ಮಾಡುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಮಕ್ಕಳಿಗೆ ಮಾತ್ರ ಬಿಸಿನೀರಿನ ಪಾತ್ರೆ ಮುಂದೆ ಕೂರಿಸಿ ಬಟ್ಟೆ ಹೊದಿಸುವುದನ್ನು ದಯವಿಟ್ಟು ನಿಲ್ಲಿಸಿ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡು ಬರುವ ಮಕ್ಕಳಿಗೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ನೆಗಡಿ ವಾರದಲ್ಲಿ ಹೋಗುತ್ತದೆ, ಸುಟ್ಟ ಗಾಯ ಚರ್ಮ ಕಸಿಯವರೆಗೂ ಹೋಗುತ್ತದೆ.

ಜ್ವರ ಇಳಿಸಲು ಐಸ್ ನೀರಿನಲ್ಲಿ ಒರೆಸುವುದೂ ಬೇಡ, ನಡುಕ ಬಂದು ಒಳಗಿನ ಕಾವು ಇನ್ನೂ ಏರುತ್ತದೆ. ಹಾಗಂತ ಮೂರು ಪದರ ಹೊದಿಕೆಯೂ ಬೇಡ. ತೆಳು ಬಟ್ಟೆ, ಗುಟುಕು ಗುಟುಕಾಗಿ ನೀರು. ಜ್ವರದ ಔಷಧಿ ಅಂಕಿ ಇಳಿಸಲು ಅಲ್ಲ, ಮಗುವಿನ ಸಂಕಟ ಇಳಿಸಲು. 101 ಇದ್ದು ಆಡುತ್ತಿದ್ದರೆ ಕೊಡದಿದ್ದರೂ ನಡೆಯುತ್ತದೆ.

ಜ್ವರದಲ್ಲಿ ಫಿಟ್ಸ್ ಬರುವುದು 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಇರುತ್ತದೆ. ನೋಡಲು ಜೀವ ಹೋದಂತೆ ಆಗುತ್ತದೆ, ಆದರೆ ಹೆಚ್ಚಿನವು ತಾವಾಗಿಯೇ ನಿಲ್ಲುತ್ತವೆ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬ್ಯುಲೆನ್ಸ್. ಮೊದಲ ಸಲ ಬಂದಿದ್ದರೆ ನಿಂತ ಮೇಲೂ ತೋರಿಸಲೇಬೇಕು.

ಉತ್ತರ: ಮತ್ತೊಬ್ಬ ಓದುಗ

ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ. ಚಳಿಗೆ ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡ, ಇದ್ದಿಲು ಅಥವಾ ಗ್ಯಾಸ್ ಹೀಟರ್ ಇಟ್ಟುಕೊಳ್ಳುವವರು ಇದ್ದೀರಾ? ಕಾರ್ಬನ್ ಮಾನಾಕ್ಸೈಡ್ ವಿಷ ಫ್ಲೂ ಹಾಗೆಯೇ ಕಾಣುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು. ಜ್ವರ ಮಾತ್ರ ಇರುವುದಿಲ್ಲ. ಮನೆಯವರಿಗೆಲ್ಲ ಒಂದೇ ಹೊತ್ತಿಗೆ ಶುರುವಾಗಿ ಹೊರಗೆ ಹೋದರೆ ಕಡಿಮೆ ಆದರೆ ಅನುಮಾನ ಪಡಿ. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಕೂಡಲೇ ಎಲ್ಲರೂ ಹೊರಗೆ ಬಂದು ಸಹಾಯಕ್ಕೆ ಫೋನ್ ಮಾಡಿ, ಬೆಂಕಿ ಆರಿಸಲು ಮತ್ತೆ ಒಳಗೆ ಹೋಗಬೇಡಿ.

ಪ್ರಶ್ನೆ ಕೇಳಿದವರು: ಇಬ್ಬರು ಮಕ್ಕಳ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿದ ಕೂಡಲೇ ಮಗನ ಉಸಿರು ಎಣಿಸಿದೆ, 44 ಬಂತು, ಪಕ್ಕೆ ಒಳಗೆ ಸೆಳೆಯುತ್ತಿಲ್ಲ. ಮೂಗಿಗೆ ಸಲೈನ್ ಹಾಕಿದ ಮೇಲೆ ಹಾಲು ಪೂರ್ತಿ ಕುಡಿದ. ಅತ್ತೆಯನ್ನು ಮಾತಾಡಿಸಿದರೆ ಸಂಜೆಯನ್ನು ಬೆಳಗ್ಗೆ ಅಂದುಕೊಂಡಿದ್ದರು, ನನಗೆ ಕೈಕಾಲು ಆಡಲಿಲ್ಲ, ತಕ್ಷಣ ಕರೆದುಕೊಂಡು ಹೋದೆವು. ಆಕ್ಸಿಜನ್ 91 ಇತ್ತು, ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಎಂದರು, ಸೇರಿಸಿಕೊಂಡಿದ್ದಾರೆ, ಆಕ್ಸಿಜನ್ ಕೊಟ್ಟ ಮೇಲೆ ನನ್ನ ಹೆಸರು ಹಿಡಿದು ಕರೆದರು. ಯಜಮಾನರಿಗೆ ಟೆಸ್ಟಿನಲ್ಲಿ ಫ್ಲೂ ಅಂತ ಬಂತು, ಔಷಧಿ ಶುರು ಮಾಡಿದ್ದಾರೆ.

ಈಗ ನನಗೇ ಗಂಟಲು ಕೆರೆಯುತ್ತಿದೆ. ಮಗನಿಗೆ ಎದೆಹಾಲು ಕೊಡುವುದು ನಿಲ್ಲಿಸಬೇಕಾ? ಮಗಳನ್ನು ಶಾಲೆಗೆ ಯಾವಾಗ ಕಳಿಸಬಹುದು?

ಉತ್ತರ: ಮಕ್ಕಳ ವಾರ್ಡಿನ ನರ್ಸ್

ಅತ್ತೆಯನ್ನು ಸರಿಯಾದ ಹೊತ್ತಿಗೆ ಕರೆದುಕೊಂಡು ಹೋದಿರಿ, ಬೇಗ ಗುಣವಾಗಲಿ. ಅವರನ್ನು ನೋಡುತ್ತಿರುವ ಡಾಕ್ಟರಿಗೆ ಮನೆಯಲ್ಲಿ ಫ್ಲೂ ಇದೆ ಅಂತ ಹೇಳಿದ್ದೀರಾ? ಹೇಳಿಲ್ಲದಿದ್ದರೆ ಈಗಲೇ ಫೋನ್ ಮಾಡಿ ಹೇಳಿ. ಕೂಸು ಇದೆ ಅಂತಲೂ ಹೇಳಿ, ಅವನಿಗೆ ಏನಾದರೂ ಬೇಕಾ ಎಂದು ಕೇಳಿ.

ಎದೆಹಾಲು ನಿಲ್ಲಿಸಬೇಡಿ. ನೆಗಡಿ, ಫ್ಲೂ ವೈರಸ್ ಹಾಲಿನಿಂದ ಹೋಗುವುದಿಲ್ಲ, ಕೆಮ್ಮು ಸೀನಿನಿಂದ, ಕೈಯಿಂದ ಹೋಗುತ್ತದೆ. ನಿಮ್ಮ ದೇಹ ತಯಾರಿಸುವ ರಕ್ಷಕ ಕಣಗಳು ಹಾಲಿನ ಮೂಲಕ ಮಗನಿಗೂ ಸಿಗುತ್ತವೆ. ಎತ್ತಿಕೊಳ್ಳುವ ಮುಂಚೆ 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಯಿರಿ, ಹಾಲು ಕೊಡುವಾಗ ಮಾಸ್ಕ್ ಹಾಕಿಕೊಳ್ಳಿ. ಏಳಲು ಆಗದಷ್ಟು ಸುಸ್ತಾದರೆ ಹಾಲು ಹಿಂಡಿ ಕೊಡಿ, ಹುಷಾರಿರುವವರು ಯಾರಾದರೂ ಕುಡಿಸಲಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡನ್ನೂ ಹಾಲು ಕೊಡುವ ತಾಯಿ ತೆಗೆದುಕೊಳ್ಳಬಹುದು. ಸೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆ ಬೇಡ, ಹಾಲು ಕಡಿಮೆಯಾಗುತ್ತದೆ.

44 ಒಳ್ಳೆಯ ಅಂಕಿ, ಆದರೆ ಇನ್ನೂ ಮೂರು ದಿನ ಬೆಳಗ್ಗೆ, ಸಂಜೆ, ರಾತ್ರಿ ಮಲಗಿಸುವ ಮುಂಚೆ ಎಣಿಸಿ ಬರೆದಿಡಿ.

ಮಗಳಿಗೆ ಔಷಧಿ ಕೊಡದೆಯೇ 24 ಗಂಟೆ ಜ್ವರ ಇಲ್ಲದಿದ್ದು, ಆಟ ಊಟ ಸರಿಯಾಗಿದ್ದರೆ ಶಾಲೆಗೆ ಕಳಿಸಬಹುದು. ಸ್ವಲ್ಪ ಕೆಮ್ಮು, ಸಿಂಬಳ ಉಳಿದಿದ್ದರೂ ಪರವಾಗಿಲ್ಲ, ಮೊಣಕೈಗೆ ಕೆಮ್ಮುವುದನ್ನು ಹೇಳಿಕೊಡಿ. ಆದರೆ ಮನೆಯಲ್ಲಿ ಫ್ಲೂ ಇರುವುದರಿಂದ ಅವಳಿಗೆ ಹೊಸದಾಗಿ ಜ್ವರ ಬರುತ್ತದಾ ಅಂತ ಮೂರು ನಾಲ್ಕು ದಿನ ನೋಡಿ, ಬಂದರೆ ಹಳೆಯ ನೆಗಡಿಯೇ ಅಂದುಕೊಳ್ಳದೆ ಡಾಕ್ಟರಿಗೆ ತೋರಿಸಿ. ಎಲ್ಲರೂ ಹುಷಾರಾದ ಮೇಲೆ ಫ್ಲೂ ಲಸಿಕೆ ಬಗ್ಗೆ ಕೇಳಿ, 6 ತಿಂಗಳು ತುಂಬಿದವರಿಂದ ಹಿಡಿದು ಎಲ್ಲರೂ ಹಾಕಿಸಿಕೊಳ್ಳಬಹುದು. ವೈರಸ್ ಬದಲಾಗುತ್ತಾ ಇರುವುದರಿಂದ ವರ್ಷವೂ ಬೇಕು, ಹಾಕಿಸಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಅತ್ತೆಗೆ ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಆಗಿದೆಯಾ ಅಂತ ಡಿಸ್ಚಾರ್ಜ್ ಮಾಡುವಾಗ ಅಲ್ಲೇ ವಿಚಾರಿಸಿ.